ಬಂದರಿನ ಪೈಲಟ್ ಆಗುವ ದಾರಿ: ಓದು, ಸಮುದ್ರಸೇವೆ, ತರಬೇತಿ, ಪರೀಕ್ಷೆ

ಪಣಂಬೂರಿನ ಹೊರಗೆ ಲಂಗರು ಹಾಕಿ ನಿಂತ ಸರಕು ಹಡಗು ನವಮಂಗಳೂರು ಬಂದರಿನೊಳಗೆ ಬರಬೇಕಾದರೆ ಆ ಬಂದರಿನ ಪೈಲಟ್, ಅಂದರೆ ಅಲ್ಲಿನ ನೀರನ್ನು ಬಲ್ಲ, ಹಡಗನ್ನು ಒಳಗೆ ತಂದು ಧಕ್ಕೆಗೆ ನಿಲ್ಲಿಸುವ ನಾವಿಕ, ಹಡಗು ಹತ್ತಬೇಕು. ಹಡಗಿನ ಕ್ಯಾಪ್ಟನ್ ಮೂವತ್ತು ವರ್ಷ ಸಮುದ್ರ ಕಂಡವರಾಗಿದ್ದರೂ ಅಷ್ಟೇ. 1908ರ ಭಾರತೀಯ ಬಂದರುಗಳ ಕಾಯ್ದೆಯ 31ನೇ ಸೆಕ್ಷನ್ ಅನ್ವಯವಾಗುತ್ತಿದ್ದ ಬಂದರುಗಳಲ್ಲಿ 200 ಟನ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳು ಪೈಲಟ್ ಇಲ್ಲವೇ ಹಾರ್ಬರ್ ಮಾಸ್ಟರ್ ಕಡೆಯವರಿಲ್ಲದೆ ಒಳಬರುವಂತಿರಲಿಲ್ಲ, ಹೊರಹೋಗುವಂತಿರಲಿಲ್ಲ, ಬಂದರಿನೊಳಗೆ ಜಾಗ ಬದಲಿಸುವಂತೆಯೂ ಇರಲಿಲ್ಲ. ಆ ಕಾಯ್ದೆಯ ಜಾಗಕ್ಕೆ ಈಗ 2025ರ ಹೊಸ ಕಾಯ್ದೆ ಬಂದಿದೆ. ಪೈಲಟ್ ಇಲ್ಲದೆ ದೊಡ್ಡ ಹಡಗು ಧಕ್ಕೆಗೆ ಬರುವುದಿಲ್ಲ ಎಂಬ ಪದ್ಧತಿ ಮಾತ್ರ ಹಾಗೆಯೇ ಇದೆ.

ಈ ಕೆಲಸಕ್ಕೆ ನೇರ ಕೋರ್ಸ್ ಇಲ್ಲ. ಪಿಯುಸಿ ಮುಗಿಸಿದ ಹುಡುಗ ಅಥವಾ ಹುಡುಗಿ ಪೈಲಟ್ ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಮೂವತ್ತು ದಾಟಿರುತ್ತಾರೆ. ದಾರಿ ಎರಡು ಭಾಗದ್ದು. ಮೊದಲು ಹಡಗಿನ ಮಾಸ್ಟರ್, ಅಂದರೆ ಕ್ಯಾಪ್ಟನ್ ಆಗುವ ಅರ್ಹತೆ, ಆಮೇಲೆ ಒಂದು ನಿರ್ದಿಷ್ಟ ಬಂದರಿನ ನೀರಿನ ಅರ್ಹತೆ. ಮೊದಲನೆಯದು ಜಗತ್ತಿನ ಎಲ್ಲ ಸಮುದ್ರಗಳಲ್ಲೂ ನಡೆಯುತ್ತದೆ. ಎರಡನೆಯದು ಆ ಒಂದು ಬಂದರಿಗೆ ಮಾತ್ರ. ಮಂಗಳೂರಿನ ಪೈಲಟ್ ಕೊಚ್ಚಿಗೆ ಹೋದರೆ ಮತ್ತೆ ತರಬೇತಿಯಿಂದಲೇ ಶುರು ಮಾಡಬೇಕು.

ಮೊದಲ ಹಂತ: ಪಿಯುಸಿಯಿಂದ ಹಡಗಿಗೆ

ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸೇರಿ ಸರಾಸರಿ ಶೇ. 60 ಅಂಕ, ಇಂಗ್ಲಿಷ್‌ನಲ್ಲಿ ಶೇ. 50 ಬೇಕು. ನಂತರ ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ, ಅಂದರೆ ಐಎಂಯು ಸಿಇಟಿ. ಡೆಕ್ ಅಧಿಕಾರಿಯಾಗಲು, ಅಂದರೆ ಹಡಗು ನಡೆಸುವ ವಿಭಾಗ ಸೇರಲು, ಎರಡು ದಾರಿ ಚಾಲ್ತಿಯಲ್ಲಿವೆ: ಮೂರು ವರ್ಷದ ಬಿಎಸ್ಸಿ ನಾಟಿಕಲ್ ಸೈನ್ಸ್, ಅಥವಾ ಒಂದು ವರ್ಷದ ಡಿಎನ್‌ಎಸ್ (ನಾಟಿಕಲ್ ಸೈನ್ಸ್ ಡಿಪ್ಲೊಮಾ). ಡಿಎನ್‌ಎಸ್ ಮಾಡಿದವರಿಗೆ ಹಡಗಿನ ಮೇಲೆ 18 ತಿಂಗಳು ಕೆಡೆಟ್ ತರಬೇತಿ, ಬಿಎಸ್ಸಿಯವರಿಗೆ 12 ತಿಂಗಳು. ಪೈಲಟ್ ಆಗುವ ಗುರಿಯಿದ್ದರೆ ಮರೀನ್ ಎಂಜಿನಿಯರಿಂಗ್ ಕಡೆ ಹೋಗಬೇಡಿ. ಎಂಜಿನ್ ವಿಭಾಗದ ಪ್ರಮಾಣಪತ್ರದಿಂದ ಮಾಸ್ಟರ್ ಆಗಲು ಬರುವುದಿಲ್ಲ.

ಶುಲ್ಕ ಕಟ್ಟುವ ಮುಂಚೆ ಮೂರು ಕೆಲಸ ಮಾಡಿ. ಮೊದಲನೆಯದು ಕಣ್ಣಿನ ಪರೀಕ್ಷೆ, ಅದರಲ್ಲೂ ಬಣ್ಣಗಳ ಪರೀಕ್ಷೆ. ರಾತ್ರಿ ಎದುರಿನ ಹಡಗು ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯುವುದು ಅದರ ಕೆಂಪು, ಹಸಿರು ದೀಪಗಳಿಂದ. ಆ ಎರಡು ಬಣ್ಣ ಬೇರೆಬೇರೆಯಾಗಿ ಕಾಣದವರಿಗೆ ಡೆಕ್ ವಿಭಾಗದಲ್ಲಿ ಜಾಗವಿಲ್ಲ, ಮತ್ತು ಇದು ಕನ್ನಡಕದಿಂದ ಸರಿಹೋಗುವ ದೋಷವಲ್ಲ. ಎರಡನೆಯದು, ಸಂಸ್ಥೆಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಮಾನ್ಯತೆ ಇದೆಯೇ, ಹಡಗಿಗೆ ಕಳಿಸುತ್ತೇವೆ ಎನ್ನುವ ಕಂಪನಿಗೆ ನಾವಿಕರನ್ನು ನೇಮಿಸಲು ಬೇಕಾದ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯೇ ಎಂದು ಆ ಇಲಾಖೆಯ ಪಟ್ಟಿಯಲ್ಲೇ ನೋಡಿ. ಮೂರನೆಯದು, ಡಿಎನ್‌ಎಸ್ ಆದರೆ ಶಿಪ್ಪಿಂಗ್ ಕಂಪನಿಯ ಪ್ರಾಯೋಜಕತ್ವದ ಪತ್ರ ಕೈಯಲ್ಲಿರಲಿ. ಓದು ಮುಗಿಸಿಯೂ ಹಡಗು ಸಿಗದೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತವರು ನಮ್ಮ ಕರಾವಳಿಯ ಊರುಗಳಲ್ಲೇ ಇದ್ದಾರೆ. ಏಜೆಂಟರ ಬಾಯಿಮಾತು ನಂಬಿ ಲಕ್ಷಗಟ್ಟಲೆ ಹಣ ಕೊಡಬೇಡಿ.

ಎರಡನೇ ಹಂತ: ಮೂರು ಟಿಕೆಟ್

ನಾವಿಕರ ಮಾತಿನಲ್ಲಿ ಟಿಕೆಟ್ ಎಂದರೆ ಸಾಮರ್ಥ್ಯ ಪ್ರಮಾಣಪತ್ರ. ಸೆಕೆಂಡ್ ಮೇಟ್, ಫಸ್ಟ್ ಮೇಟ್, ಮಾಸ್ಟರ್ ಎಂದು ಮೂರು ಮೆಟ್ಟಿಲು. ಪ್ರತಿಯೊಂದಕ್ಕೂ ಲಿಖಿತ ಪರೀಕ್ಷೆ ಮತ್ತು ಮೌಖಿಕ ಪರೀಕ್ಷೆ, ನಡುವೆ ಸಮುದ್ರಸೇವೆ. ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳ ಅಂತರರಾಷ್ಟ್ರೀಯ ಎಸ್‌ಟಿಸಿಡಬ್ಲ್ಯು ನಿಯಮದಂತೆ ಮಾಸ್ಟರ್ ಆಗಲು ವಾಚ್ ಅಧಿಕಾರಿಯಾಗಿ, ಅಂದರೆ ಪಾಳಿಯಲ್ಲಿ ಹಡಗು ನೋಡಿಕೊಳ್ಳುವ ಅಧಿಕಾರಿಯಾಗಿ, ಕನಿಷ್ಠ 36 ತಿಂಗಳ ಸೇವೆ ಬೇಕು. ಅದರಲ್ಲಿ 12 ತಿಂಗಳು ಚೀಫ್ ಆಫೀಸರ್ (ಕ್ಯಾಪ್ಟನ್ ನಂತರದ ಅಧಿಕಾರಿ) ಆಗಿದ್ದರೆ ಒಟ್ಟು 24 ತಿಂಗಳು ಸಾಕು. ರಜೆ, ಪರೀಕ್ಷೆ, ಕೋರ್ಸ್‌ಗಳನ್ನೆಲ್ಲ ಸೇರಿಸಿದರೆ ಕೆಡೆಟ್‌ನಿಂದ ಮಾಸ್ಟರ್ ಟಿಕೆಟ್‌ಗೆ ಎಂಟರಿಂದ ಹತ್ತು ವರ್ಷ ಹಿಡಿಯುತ್ತದೆ. ಟಿಕೆಟ್ ಫಾರಿನ್ ಗೋಯಿಂಗ್, ಅಂದರೆ ವಿದೇಶಯಾನದ ವರ್ಗದ್ದೇ ಆಗಿರಲಿ. ಪ್ರಮುಖ ಬಂದರುಗಳ ನೇಮಕಾತಿಯಲ್ಲಿ ಕೇಳುವುದು ಅದನ್ನೇ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಹಡಗು ಧಕ್ಕೆಗೆ ಬರುವಾಗ ಚೀಫ್ ಆಫೀಸರ್ ಇರುವುದು ಮೂತಿಯ ಕಡೆ, ಲಂಗರು ಮತ್ತು ಹಗ್ಗಗಳ ಹತ್ತಿರ. ಸೆಕೆಂಡ್ ಆಫೀಸರ್ ಹಿಂಭಾಗದಲ್ಲಿ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ಕ್ಯಾಪ್ಟನ್ ಮತ್ತು ಪೈಲಟ್ ಜೊತೆಗಿರುವ ಅಧಿಕಾರಿ ಸಾಮಾನ್ಯವಾಗಿ ಥರ್ಡ್ ಆಫೀಸರ್. ಹಾಗಾಗಿ ಮಾಸ್ಟರ್ ಟಿಕೆಟ್ ಪಡೆದು ಕ್ಯಾಪ್ಟನ್ ಆಗದೆಯೇ ಬಂದರಿಗೆ ಬಂದವರು ಹಡಗನ್ನು ಧಕ್ಕೆಗೆ ತರುವ ಕೆಲಸವನ್ನು ಬ್ರಿಡ್ಜ್‌ನಿಂದ ನೋಡಿ ವರ್ಷಗಳೇ ಆಗಿರುತ್ತವೆ. ಥರ್ಡ್ ಆಫೀಸರ್ ಆಗಿದ್ದಾಗಲೇ ಪೈಲಟ್ ಯಾವ ಜಾಗದಲ್ಲಿ ಯಾವ ವೇಗಕ್ಕೆ ಇಳಿಸಿದರು, ಹಡಗನ್ನು ಎಳೆಯುವ, ತಳ್ಳುವ ಟಗ್ ದೋಣಿಗೆ ಯಾವಾಗ ಏನು ಹೇಳಿದರು ಎಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಸಾಧ್ಯವಿದ್ದರೆ ಕ್ಯಾಪ್ಟನ್ ಆಗಿ ಒಂದು ವರ್ಷವಾದರೂ ದುಡಿದು ಬಂದರಿನ ಕಡೆ ಬನ್ನಿ. ಹಡಗಿನ ಪೂರ್ಣ ಹೊಣೆ ಹೊತ್ತ ಅನುಭವ ಇದ್ದವರು ತರಬೇತಿಯಲ್ಲಿ ಬೇಗ ಮೇಲೆ ಬರುತ್ತಾರೆ. ಕ್ಯಾಪ್ಟನ್‌ನ ಆತಂಕ ಎಂಥದು ಎಂದು ಅವರಿಗೆ ಗೊತ್ತಿರುತ್ತದೆ.

ಮೂರನೇ ಹಂತ: ಬಂದರಿನ ನೇಮಕ

ಪ್ರಮುಖ ಬಂದರುಗಳು 2021ರ ಮೇಜರ್ ಪೋರ್ಟ್ ಅಥಾರಿಟೀಸ್ ಕಾಯ್ದೆಯಡಿ ನಡೆಯುತ್ತವೆ. ಪೈಲಟ್ ಹುದ್ದೆ ಮರೀನ್ ವಿಭಾಗದಲ್ಲಿ ಮೊದಲ ದರ್ಜೆಯ ಅಧಿಕಾರಿ ಹುದ್ದೆ. ಆ ವಿಭಾಗದ ಮುಖ್ಯಸ್ಥರು ಡೆಪ್ಯುಟಿ ಕನ್ಸರ್ವೇಟರ್. ಕಾಯಂ ನೇಮಕದ ಜೊತೆಗೆ ಗುತ್ತಿಗೆ ಮೇಲೂ ಪೈಲಟ್‌ಗಳನ್ನು ತೆಗೆದುಕೊಳ್ಳುತ್ತಾರೆ. ಮಾಸ್ಟರ್ ಟಿಕೆಟ್ ಆದ ಮೇಲಿನ ಸಮುದ್ರಸೇವೆಯನ್ನು ನೇಮಕಾತಿಯಲ್ಲಿ ಪರಿಗಣಿಸುವುದರಿಂದ ನಾವಿಕರ ಸೇವಾ ಪುಸ್ತಕವಾದ ಸಿಡಿಸಿಯಲ್ಲಿನ ದಾಖಲೆಗಳಲ್ಲಿ ಹುದ್ದೆ, ದಿನಾಂಕ, ಟನೇಜ್ (ಹಡಗಿನ ಗಾತ್ರ) ಸರಿಯಾಗಿವೆಯೇ ಎಂದು ನೋಡಿಕೊಳ್ಳಿ. ಕಾರವಾರ, ಹಳೆ ಮಂಗಳೂರು, ಬೇಲೇಕೇರಿಯಂಥ ಬಂದರುಗಳು ಪ್ರಮುಖ ಬಂದರುಗಳ ಪಟ್ಟಿಯಲ್ಲಿಲ್ಲ, ಅವು ರಾಜ್ಯದ ಕೈಯಲ್ಲಿವೆ. ಅಲ್ಲಿನ ನೇಮಕಾತಿ ಪ್ರಕಟಣೆಯನ್ನು ಬೇರೆಯಾಗಿಯೇ ಓದಬೇಕು.

ಕೋಲ್ಕತ್ತ ಈ ಎಲ್ಲದರಿಂದ ಬೇರೆ. ದೇಶದ ಪ್ರಮುಖ ಬಂದರುಗಳಲ್ಲಿ ನದಿ ಬಂದರು ಅದೊಂದೇ. ಹೂಗ್ಲಿ ನದಿ ಸಮುದ್ರ ಸೇರುವ ಕಡೆಯ ಸ್ಯಾಂಡ್‌ಹೆಡ್ಸ್‌ನಿಂದ ಕೋಲ್ಕತ್ತದ ಡಾಕ್‌ಗೆ 200 ಕಿಲೋಮೀಟರಿಗೂ ಹೆಚ್ಚಿನ ಪೈಲಟೇಜ್. ಹೂಗ್ಲಿಯ ಮರಳು ದಿಣ್ಣೆಗಳು ಜಾಗ ಬದಲಿಸುತ್ತಲೇ ಇರುತ್ತವೆ, ಉಬ್ಬರದ ಹೊತ್ತಿಗೆ ನೀರು ಗೋಡೆಯಾಗಿ ಏರಿಬರುವುದೂ ಉಂಟು. ಇದನ್ನು ಕಲಿಯಲು ವರ್ಷಗಳೇ ಬೇಕಾದ್ದರಿಂದ ಅಲ್ಲಿ ಮಾಸ್ಟರ್ ಆಗುವ ಮುಂಚೆಯೇ ತರಬೇತಿಗೆ ಸೇರಿಸಿಕೊಳ್ಳುವ ಪದ್ಧತಿ ಬೆಳೆದಿದೆ. ಚೆನ್ನೈನ ರೇಷ್ಮಾ ನಿಲೋಫರ್ ನಾಹಾ ಹೀಗೆ ತರಬೇತಿಗೆ ಸೇರಿ ವರ್ಷಗಳ ಅಭ್ಯಾಸದ ನಂತರ ಹೂಗ್ಲಿಯ ಪೈಲಟ್ ಆದವರು, ನಾರಿ ಶಕ್ತಿ ಪುರಸ್ಕಾರ ಪಡೆದವರು.

ನಾಲ್ಕನೇ ಹಂತ: ಒಂದು ಬಂದರನ್ನು ಬಾಯಿಪಾಠ ಮಾಡುವುದು

ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2003ರಲ್ಲಿ ಅಂಗೀಕರಿಸಿದ ಎ.960 ನಿರ್ಣಯ ಪೈಲಟ್ ತರಬೇತಿಯ ಪಠ್ಯವನ್ನು ಹೇಳುತ್ತದೆ. ಅದರ ಚೌಕಟ್ಟಿನೊಳಗೆ ಪ್ರತಿ ಬಂದರಿಗೂ ತನ್ನದೇ ನಿಯಮಾವಳಿ ಇದೆ. ತರಬೇತಿಯ ಅವಧಿಯನ್ನು ತಿಂಗಳುಗಳ ಲೆಕ್ಕದಲ್ಲೂ ಹಡಗುಗಳ ಲೆಕ್ಕದಲ್ಲೂ ನಿಗದಿ ಮಾಡುತ್ತಾರೆ. ಮೊದಲು ಹಿರಿಯ ಪೈಲಟ್ ಜೊತೆ ಹೋಗಿ ಬರೀ ನೋಡುವುದು. ಆಮೇಲೆ ಅವರು ಪಕ್ಕದಲ್ಲಿ ನಿಂತಿರುವಾಗ ನೀವೇ ಆದೇಶ ಕೊಡುವುದು. ಹಗಲು, ರಾತ್ರಿ, ಒಳಬರುವ ಹಡಗು, ಹೊರಹೋಗುವ ಹಡಗು, ಒಂದು ಬರ್ತ್‌ನಿಂದ (ಧಕ್ಕೆಯಲ್ಲಿ ಹಡಗು ನಿಲ್ಲುವ ಜಾಗ) ಇನ್ನೊಂದಕ್ಕೆ ಸರಿಸುವುದು ಎಲ್ಲವೂ ಇರಬೇಕು. ಸುಲಭದ ಬರ್ತ್‌ಗಳಲ್ಲೇ ಲೆಕ್ಕ ತುಂಬಿಸಿಕೊಂಡು ಪರೀಕ್ಷೆಗೆ ಹೋಗುವುದು ತರಬೇತಿಯಲ್ಲಿ ಆಗುವ ಮೊದಲ ತಪ್ಪು. ಮಳೆಗಾಲವನ್ನು ಕಾಣದೆ ಪಶ್ಚಿಮ ಕರಾವಳಿಯ ಬಂದರಿನ ಪರೀಕ್ಷೆಗೆ ಕೂರುವುದು ಎರಡನೆಯದು.

ಪರೀಕ್ಷೆ ನಡೆಸುವುದು ಸಮಿತಿ. ಡೆಪ್ಯುಟಿ ಕನ್ಸರ್ವೇಟರ್, ಹಾರ್ಬರ್ ಮಾಸ್ಟರ್ ದರ್ಜೆಯ ಹಿರಿಯರು ಅದರಲ್ಲಿರುತ್ತಾರೆ. ಬಂದರಿನ ಗಡಿ, ಪ್ರತಿ ತಿರುವಿನ ಕೋರ್ಸ್ ಮತ್ತು ದೂರ, ಆಳ, ಬೋಯ್‌ಗಳು (ದಾರಿ ತೋರುವ ತೇಲುಗುರುತುಗಳು) ಮತ್ತು ಅವುಗಳ ದೀಪದ ಲಯ, ಉಬ್ಬರವಿಳಿತ, ಪ್ರವಾಹ, ಬಂಡೆ, ದಿಣ್ಣೆ, ಲಂಗರು ಜಾಗ, ಡಿಕ್ಕಿ ತಪ್ಪಿಸುವ ನಿಯಮ, ಬಂದರಿನ ಸ್ವಂತ ನಿಯಮಗಳು ಎಲ್ಲವನ್ನೂ ಕೇಳುತ್ತಾರೆ. ಖಾಲಿ ಹಾಳೆಯ ಮೇಲೆ ಹಡಗು ಬರುವ ಕಾಲುವೆಯನ್ನು ನೆನಪಿನಿಂದ ಬರೆದು, ಆಳಗಳನ್ನು ತುಂಬಿ, ಚಾರ್ಟ್ ಜೊತೆ ತಾಳೆ ನೋಡುವುದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ರೇಡಾರ್ ಮತ್ತು ಜಿಪಿಎಸ್ ಕೆಟ್ಟಾಗಲೂ ಈ ಚಿತ್ರ ತಲೆಯಲ್ಲಿ ಉಳಿದಿರಬೇಕು.

ನವಮಂಗಳೂರನ್ನೇ ತೆಗೆದುಕೊಳ್ಳಿ. ಸಮುದ್ರತೀರವನ್ನು ಅಗೆದು ಮಾಡಿದ ಬಂದರು ಇದು. ಹೊರಗಿನಿಂದ ಸುಮಾರು 7.5 ಕಿಲೋಮೀಟರ್ ಉದ್ದದ ಪ್ರವೇಶ ಕಾಲುವೆ, ಕೊನೆಯಲ್ಲಿ ಅಲೆ ತಡೆಯುವ ಎರಡು ಬ್ರೇಕ್‌ವಾಟರ್ ಗೋಡೆ, ಅದರೊಳಗೆ ತಿರುಗಿಸಲು ಜಾಗ. ಉಬ್ಬರವಿಳಿತದ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್ ಮಾತ್ರ. ಕಾಂಡ್ಲಾದಲ್ಲಾದರೆ ಆರು ಮೀಟರ್ ದಾಟುತ್ತದೆ. ಇಲ್ಲಿನ ಕಷ್ಟ ಬೇರೆ. ಕಾಲುವೆ ತೀರಕ್ಕೆ ಅಡ್ಡವಾಗಿ ಹೋಗುತ್ತದೆ, ಕರಾವಳಿಯ ಪ್ರವಾಹ ತೀರದುದ್ದಕ್ಕೂ ಹರಿಯುತ್ತದೆ, ಮಳೆಗಾಲದಲ್ಲಿ ದಕ್ಷಿಣದ ಕಡೆಗೆ, ಚಳಿಗಾಲದಲ್ಲಿ ಉತ್ತರದ ಕಡೆಗೆ. ಅಂದರೆ ಹಡಗಿಗೆ ಪಕ್ಕದಿಂದ ತಳ್ಳು.

200 ಮೀಟರ್ ಉದ್ದ, 32 ಮೀಟರ್ ಅಗಲದ ಹಡಗು 8 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದಲ್ಲಿ ಬರುತ್ತಿದೆ, ಪಕ್ಕದಿಂದ 1 ನಾಟ್ ಪ್ರವಾಹ ಇದೆ ಎನ್ನಿ. ನೇರ ಬರಬೇಕಾದರೆ ಮೂತಿಯನ್ನು ಸುಮಾರು 7 ಡಿಗ್ರಿ ಪ್ರವಾಹದ ಕಡೆ ತಿರುಗಿಸಿ ಇಟ್ಟುಕೊಳ್ಳಬೇಕು. ಆಗ ಕಾಲುವೆಯಲ್ಲಿ ಅದು ಹಿಡಿಯುವ ಅಗಲ 32 ಅಲ್ಲ, 56 ಮೀಟರ್. ಹೆದರಿ ವೇಗವನ್ನು 5 ನಾಟ್‌ಗೆ ಇಳಿಸಿದರೆ ಕೋನ 11 ಡಿಗ್ರಿ ದಾಟುತ್ತದೆ, ಅಗಲ 70 ಮೀಟರ್. ಬ್ರೇಕ್‌ವಾಟರ್ ಬಾಯಿಯವರೆಗೆ ವೇಗ ಬೇಕು, ಬಾಯಿ ದಾಟಿದ ಕೂಡಲೇ ಅದೇ ವೇಗ ಅಪಾಯ. ಒಳಗೆ ನಿಲ್ಲಿಸಲು ಇರುವ ನೀರು ಸ್ವಲ್ಪ. ಮೂತಿ ಬ್ರೇಕ್‌ವಾಟರ್‌ನ ಮರೆಗೆ ಬಂದು ಹಿಂಭಾಗ ಇನ್ನೂ ಪ್ರವಾಹದಲ್ಲಿರುವ ಆ ಒಂದೆರಡು ನಿಮಿಷ ಹಡಗು ತಾನಾಗಿ ತಿರುಗಲು ನೋಡುತ್ತದೆ. ಯಾವ ವೇಗ, ಯಾವ ಕೋನ, ಚುಕ್ಕಾಣಿಯನ್ನು ಯಾವಾಗ ಎದುರು ತಿರುಗಿಸಬೇಕು ಎಂಬುದು ಹಡಗಿನಿಂದ ಹಡಗಿಗೆ ಬದಲಾಗುತ್ತದೆ. ಪುಸ್ತಕದಿಂದ ಅದು ಬರುವುದಿಲ್ಲ.

ಪಾಸಾದವರಿಗೆ ಮೊದಲ ದಿನವೇ ಎಲ್ಲ ಹಡಗು ಕೊಡುವುದಿಲ್ಲ. ಉದ್ದ, ಟನೇಜ್ ಅಥವಾ ಡ್ರಾಫ್ಟ್‌ಗೆ (ಹಡಗು ನೀರಿನಲ್ಲಿ ಮುಳುಗಿರುವ ಆಳ) ಮಿತಿ ಹಾಕಿ ಶುರು ಮಾಡಿಸಿ, ಅನುಭವ ಬಂದಂತೆ ಮಿತಿ ಸಡಿಲಿಸುತ್ತಾರೆ. ಈ ಮಿತಿಯನ್ನು ಅವಮಾನ ಎಂದುಕೊಳ್ಳಬೇಡಿ, ಬೇಗ ತೆಗೆಸಿಕೊಳ್ಳಲು ಒತ್ತಡವನ್ನೂ ಹಾಕಬೇಡಿ.

ಲೆಕ್ಕಗಳು ನಾಲಿಗೆಯ ತುದಿಯಲ್ಲಿರಲಿ

ಆಳ ಕಡಿಮೆಯಿರುವಲ್ಲಿ ಹಡಗು ಓಡುವಾಗ ಇನ್ನಷ್ಟು ಕೆಳಗಿಳಿಯುತ್ತದೆ. ಇದು ಸ್ಕ್ವಾಟ್. ಸರಳ ಅಂದಾಜು: ಹಡಗಿನ ಬ್ಲಾಕ್ ಗುಣಾಂಕವನ್ನು (ನೀರಿನೊಳಗಿನ ಭಾಗ ಎಷ್ಟು ಪೆಟ್ಟಿಗೆಯಾಕಾರ ಎಂಬ ಅಳತೆ) ನಾಟ್‌ನಲ್ಲಿನ ವೇಗದ ವರ್ಗದಿಂದ ಗುಣಿಸಿ 100ರಿಂದ ಭಾಗಿಸಿ, ಉತ್ತರ ಮೀಟರ್‌ನಲ್ಲಿ. ಕಾಲುವೆಯಂಥ ಇಕ್ಕಟ್ಟಿನಲ್ಲಿ ಅದರ ಎರಡರಷ್ಟು. ಗುಣಾಂಕ 0.8 ಇರುವ ಕಲ್ಲಿದ್ದಲು ಹಡಗು 8 ನಾಟ್‌ನಲ್ಲಿ ಕಾಲುವೆಯೊಳಗೆ ಸುಮಾರು 1 ಮೀಟರ್ ಇಳಿಯುತ್ತದೆ, 10 ನಾಟ್‌ನಲ್ಲಿ 1.6 ಮೀಟರ್. ಎರಡೇ ನಾಟ್‌ಗೆ 60 ಸೆಂಟಿಮೀಟರ್ ಆಳ ಹೋಯಿತು.

ಗಾಳಿಗೆ: ಸೆಕೆಂಡಿಗೆ ಎಷ್ಟು ಮೀಟರ್ ಎಂಬುದನ್ನು ವರ್ಗ ಮಾಡಿ 18ರಿಂದ ಭಾಗಿಸಿದರೆ ಹಡಗಿನ ಪಕ್ಕದ ಪ್ರತಿ 1000 ಚದರ ಮೀಟರಿಗೆ ಬೀಳುವ ಬಲ ಟನ್‌ನಲ್ಲಿ ಸಿಗುತ್ತದೆ. 6000 ಚದರ ಮೀಟರ್ ಪಕ್ಕದ ಕಂಟೇನರ್ ಹಡಗಿಗೆ 10 ಮೀಟರ್ ಗಾಳಿ ಬೀಸಿದರೆ ಸುಮಾರು 33 ಟನ್. 15 ಮೀಟರ್ ಆದರೆ 75 ಟನ್. 50 ಟನ್ ಎಳೆಯುವ ಒಂದು ಟಗ್ ಮೊದಲನೆಯದಕ್ಕೆ ಸಾಕು, ಎರಡನೆಯದಕ್ಕೆ ಸಾಲದು. ಹಡಗನ್ನು ಸರಿಸಲೂ ಬಲ ಉಳಿಯಬೇಕು, ಆದ್ದರಿಂದ ಟಗ್‌ಗಳ ಒಟ್ಟು ಬಲ ಗಾಳಿಯ ಬಲಕ್ಕಿಂತ ಚೆನ್ನಾಗಿ ಹೆಚ್ಚೇ ಇರಲಿ. ಟಗ್ ಸಾಲದು ಎಂದು ಕಂಡರೆ ಹೊರಡುವ ಮುಂಚೆ ಹೇಳಬೇಕು. ಅರ್ಧ ದಾರಿಯಲ್ಲಿ ಹೇಳಿ ಪ್ರಯೋಜನವಿಲ್ಲ.

ಇನ್ನು ಕೆಲವು: ಬಲಕ್ಕೆ ತಿರುಗುವ ಸಾಮಾನ್ಯ ಪ್ರೊಪೆಲ್ಲರ್ ಹಿಂದಕ್ಕೆ ಓಡಿಸಿದಾಗ ಹಡಗಿನ ಹಿಂಭಾಗ ಎಡಕ್ಕೆ ಹೋಗುತ್ತದೆ, ಆದ್ದರಿಂದ ಎಡಪಕ್ಕವನ್ನು ಧಕ್ಕೆಗೆ ಕೊಡುವುದು ಸಲೀಸು. ಕಾಲುವೆಯ ದಡಕ್ಕೆ ಹತ್ತಿರ ಹೋದರೆ ಹಿಂಭಾಗವನ್ನು ದಡ ಎಳೆದುಕೊಳ್ಳುತ್ತದೆ, ಮೂತಿ ಆಚೆ ತಿರುಗುತ್ತದೆ. ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್ 4-5 ನಾಟ್ ಮೀರಿದ ವೇಗದಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಧಕ್ಕೆಗೆ ತಾಗುವ ವೇಗ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟು.

ಇದನ್ನೆಲ್ಲ ಕೈಯಿಂದಲೇ ಕಲಿಸುವ ಜಾಗ ಫ್ರಾನ್ಸಿನ ಪೋರ್ಟ್ ರೆವೆಲ್. 1967ರಿಂದ ಅಲ್ಲಿನ ಕೆರೆಯಲ್ಲಿ 25ರಲ್ಲಿ ಒಂದು ಪಾಲಿನ ಅಳತೆಯ ಹಡಗುಗಳಲ್ಲಿ ಪೈಲಟ್‌ಗಳು ಕೂತು ಅಭ್ಯಾಸ ಮಾಡುತ್ತಾರೆ. ಆ ಅಳತೆಯಲ್ಲಿ ಎಲ್ಲವೂ ಐದು ಪಟ್ಟು ವೇಗವಾಗಿ ನಡೆಯುತ್ತದೆ, ಯೋಚಿಸಲು ಸಿಗುವ ಸಮಯ ಐದನೇ ಒಂದು. ಸಿಮ್ಯುಲೇಟರ್ ಕೊಡದ ನೀರಿನ ನಿಜವಾದ ವರ್ತನೆ ಅಲ್ಲಿ ಸಿಗುತ್ತದೆ.

ಏಣಿ

ಪೈಲಟ್‌ನ ಜೀವಕ್ಕೆ ಅತಿ ಹೆಚ್ಚು ಅಪಾಯ ಇರುವುದು ಪೈಲಟ್ ಬೋಟ್‌ನಿಂದ ಹಡಗಿಗೆ ಹತ್ತುವ, ಇಳಿಯುವ ಹೊತ್ತಿನಲ್ಲಿ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್‌ನ ಐದನೇ ಅಧ್ಯಾಯದ 23ನೇ ನಿಯಮ ಹಡಗಿನ ಪಕ್ಕಕ್ಕೆ ಇಳಿಬಿಡುವ ಹಗ್ಗದ ಏಣಿಯ ಬಗ್ಗೆ ಹೇಳುತ್ತದೆ. ತರಬೇತಿಯ ಮೊದಲ ವಾರದಲ್ಲೇ ಈ ಅಳತೆಗಳು ಕಣ್ಣಿಗೆ ಕೂರಬೇಕು:

- ಹತ್ತುವ ಎತ್ತರ 1.5 ಮೀಟರಿಗೆ ಕಡಿಮೆಯಿಲ್ಲ, 9 ಮೀಟರಿಗೆ ಹೆಚ್ಚಿಲ್ಲ. 9 ಮೀರಿದರೆ ಹಡಗಿನ ಗ್ಯಾಂಗ್‌ವೇ ಏಣಿಯನ್ನೂ (ಪಕ್ಕದಲ್ಲಿ ಇಳಿಜಾರಾಗಿ ಇಳಿಸುವ ಗಟ್ಟಿ ಮೆಟ್ಟಿಲ ಸಾಲು) ಸೇರಿಸಿ ಜೋಡಿ ವ್ಯವಸ್ಥೆ ಮಾಡಬೇಕು.
- ಮೆಟ್ಟಿಲುಗಳ ನಡುವೆ 310ರಿಂದ 350 ಮಿಲಿಮೀಟರ್, ಎಲ್ಲ ಕಡೆ ಒಂದೇ ಸಮ.
- ಏಣಿ ತಿರುಚಿಕೊಳ್ಳದಂತೆ ತಡೆಯುವ ಉದ್ದನೆಯ ಮೆಟ್ಟಿಲು, ಕನಿಷ್ಠ 1.8 ಮೀಟರ್. ಕೆಳಗಿನದು ಬುಡದಿಂದ ಐದನೆಯ ಮೆಟ್ಟಿಲಾಗಿರಬೇಕು.
- ಜೋಡಿ ವ್ಯವಸ್ಥೆಯಲ್ಲಿ ಗ್ಯಾಂಗ್‌ವೇ ಏಣಿಯ ಇಳಿಜಾರು 45 ಡಿಗ್ರಿ ಮೀರಬಾರದು, ಕೆಳಗಿನ ಹಲಗೆ ನೀರಿನಿಂದ ಕನಿಷ್ಠ 5 ಮೀಟರ್ ಮೇಲಿರಬೇಕು. ಹಗ್ಗದ ಏಣಿ ಆ ಹಲಗೆಗಿಂತ ಕನಿಷ್ಠ 2 ಮೀಟರ್ ಮೇಲಕ್ಕೆ ಚಾಚಿರಬೇಕು.

ಅಳತೆ ಸರಿಯಿದ್ದೂ ಏಣಿ ಕೈಕೊಡುವುದುಂಟು. ಹೆಚ್ಚಿನ ಸಂದರ್ಭದಲ್ಲಿ ತಪ್ಪಿರುವುದು ಡೆಕ್‌ನಲ್ಲಿ ಕಟ್ಟಿದ ರೀತಿಯಲ್ಲಿ. ಏಣಿಯ ಭಾರ ಪಕ್ಕದ ಹಗ್ಗಗಳ ಮೇಲೆ ಬೀಳಬೇಕು. ಬದಲಿಗೆ ಮೆಟ್ಟಿಲನ್ನು ಕಬ್ಬಿಣದ ಪಟ್ಟಿಗೆ ಸಿಕ್ಕಿಸಿಯೋ, ಹಗ್ಗದ ಸುತ್ತ ಶಾಕಲ್ (ಕಬ್ಬಿಣದ ಕೊಂಡಿ) ಹಾಕಿಯೋ ನಿಲ್ಲಿಸಿದ್ದರೆ ಭಾರವೆಲ್ಲ ಮೆಟ್ಟಿಲಿನ ಕಟ್ಟುಗಳ ಮೇಲೆ ಬಿದ್ದು ಅವು ಕಿತ್ತುಬರುತ್ತವೆ. ಬೋಟ್‌ನಿಂದ ಇದು ಕಾಣುವುದಿಲ್ಲ. ಹಾಗಾಗಿ ಹೇಗೆ ಕಟ್ಟಿದ್ದಾರೆ ಎಂದು ರೇಡಿಯೋದಲ್ಲಿ ಕೇಳಿ, ಮೇಲೆ ಜವಾಬ್ದಾರಿಯ ಅಧಿಕಾರಿ ನಿಂತಿದ್ದಾರೆಯೇ ಎಂದು ನೋಡಿ, ಹತ್ತಿದ ಮೇಲೆ ಕಟ್ಟನ್ನು ಕಣ್ಣಾರೆ ನೋಡಿ.

ಹತ್ತುವಾಗ: ಸ್ವಯಂ ಉಬ್ಬುವ ಲೈಫ್‌ಜಾಕೆಟ್, ಜಾರದ ಬೂಟು, ಎರಡೂ ಕೈ ಖಾಲಿ. ಬ್ಯಾಗನ್ನು ಹಗ್ಗ ಕಟ್ಟಿ ಮೇಲೆ ಎಳೆಸಿಕೊಳ್ಳಿ. ಬೋಟ್ ಅಲೆಯ ನೆತ್ತಿಗೆ ಬಂದಾಗ ಏಣಿ ಹಿಡಿದು ತಕ್ಷಣ ಎರಡು ಮೂರು ಮೆಟ್ಟಿಲು ಮೇಲೆ ಹೋಗಿ. ಬೋಟ್ ಕೆಳಗಿದ್ದಾಗ ಹತ್ತಿದರೆ ಮುಂದಿನ ಅಲೆಗೆ ಅದು ಎದ್ದು ಬಂದು ಕಾಲನ್ನು ಹಡಗಿಗೆ ಒತ್ತುತ್ತದೆ. ಹಿಡಿತ ಪಕ್ಕದ ಹಗ್ಗದ ಮೇಲಿರಲಿ, ಮೆಟ್ಟಿಲಿನ ಮೇಲೆ ಬೇಡ. ಏಣಿ ಸರಿಯಿಲ್ಲದಿದ್ದರೆ ಹತ್ತಬೇಡಿ. ಸರಿಪಡಿಸುವವರೆಗೆ ಹಡಗು ಕಾಯಲಿ. ಹಡಗಿನ ಏಜೆಂಟ್ ಫೋನ್ ಮಾಡಿ ತಡವಾಯಿತು ಎನ್ನುತ್ತಾರೆ, ಅನ್ನಲಿ.

ಬ್ರಿಡ್ಜ್‌ನ ಮಾತುಕತೆ ಮತ್ತು ಆರೋಗ್ಯ

ಪೈಲಟ್ ಬಂದರೂ ಹಡಗಿನ ಅಧಿಪತ್ಯ ಕ್ಯಾಪ್ಟನ್ ಅವರದೇ. ಆದ್ದರಿಂದ ಹತ್ತಿದ ಕೂಡಲೇ ಇಬ್ಬರೂ ಮಾಹಿತಿ ಹಂಚಿಕೊಳ್ಳಬೇಕು. ಕ್ಯಾಪ್ಟನ್ ಪೈಲಟ್ ಕಾರ್ಡ್ ಕೊಡುತ್ತಾರೆ: ಡ್ರಾಫ್ಟ್, ಎಂಜಿನ್‌ನ ವೇಗಗಳು, ಕೆಟ್ಟಿರುವ ಉಪಕರಣ. ಪೈಲಟ್ ದಾರಿ, ವೇಗ, ಟಗ್‌ಗಳ ಸಂಖ್ಯೆ ಮತ್ತು ಜಾಗ, ಯಾವ ಬಿಂದು ದಾಟಿದರೆ ಹಿಂತಿರುಗಲಾಗದು ಎಂಬುದನ್ನು ಹೇಳಬೇಕು. ಲಂಗರು ಬಿಡಲು ಸಿದ್ಧವಿದೆಯೇ ಎಂದು ಮರೆಯದೆ ಕೇಳಿ. ಟಗ್‌ನವರ ಜೊತೆ ಸ್ಥಳೀಯ ಭಾಷೆಯಲ್ಲಿ ಮಾತಾಡಿದರೆ ಅದರ ಸಾರವನ್ನು ಕ್ಯಾಪ್ಟನ್‌ಗೆ ಇಂಗ್ಲಿಷ್‌ನಲ್ಲಿ ತಿಳಿಸಿ. ಇಲ್ಲವಾದರೆ ಏನು ನಡೆಯುತ್ತಿದೆ ಎಂದು ಅವರಿಗೆ ಗೊತ್ತಾಗುವುದಿಲ್ಲ, ತಪ್ಪಾದಾಗ ತಡೆಯಲೂ ಅವರಿಂದ ಆಗದು.

2007ರ ನವೆಂಬರ್ 7ರಂದು ಮಂಜು ಕವಿದ ಬೆಳಿಗ್ಗೆ ಕಾಸ್ಕೋ ಬುಸಾನ್ ಎಂಬ ಕಂಟೇನರ್ ಹಡಗು ಸ್ಯಾನ್‌ಫ್ರಾನ್ಸಿಸ್ಕೊದ ಬೇ ಬ್ರಿಡ್ಜ್‌ನ ಕಂಬಕ್ಕೆ ತಾಗಿ 53,000 ಗ್ಯಾಲನ್‌ಗೂ ಹೆಚ್ಚು ಇಂಧನ ತೈಲ ಕೊಲ್ಲಿಗೆ ಚೆಲ್ಲಿತು. ಅಮೆರಿಕದ ತನಿಖಾ ಮಂಡಳಿ ಕಂಡ ಕಾರಣಗಳು ಮೂರು: ಪೈಲಟ್ ಸೇವಿಸುತ್ತಿದ್ದ, ವೈದ್ಯರು ಬರೆದುಕೊಟ್ಟ ಔಷಧಗಳಿಂದ ಗ್ರಹಿಕೆ ಕುಂದಿದ್ದು, ಹೊರಡುವ ಮುಂಚೆ ಪೈಲಟ್ ಮತ್ತು ಕ್ಯಾಪ್ಟನ್ ನಡುವೆ ಪೂರ್ಣ ಮಾತುಕತೆ ಆಗದಿದ್ದದ್ದು, ಕ್ಯಾಪ್ಟನ್ ಸರಿಯಾಗಿ ಮೇಲ್ವಿಚಾರಣೆ ಮಾಡದಿದ್ದದ್ದು. ನೋವಿಗೆ, ನಿದ್ದೆಗೆ, ಅಲರ್ಜಿಗೆ ಮಾತ್ರೆ ತೆಗೆದುಕೊಳ್ಳುವ ಪೈಲಟ್ ಅದನ್ನು ಬಂದರಿನ ವೈದ್ಯರಿಗೆ ಹೇಳಲೇಬೇಕು. ಮುಚ್ಚಿಟ್ಟು ರಾತ್ರಿ ಪಾಳಿಗೆ ಬರುವುದು ಇತರರ ಜೀವದ ಜೊತೆ ಆಟ.

ಲೈಸೆನ್ಸ್ ಉಳಿಸಿಕೊಳ್ಳುವುದು

ಐದು ವರ್ಷ ಮೀರದ ಅಂತರದಲ್ಲಿ ಪೈಲಟ್‌ನ ಸಾಮರ್ಥ್ಯ ಮತ್ತು ಜ್ಞಾನ ಹೊಸದಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕೆಂದು ಎ.960 ನಿರ್ಣಯ ಹೇಳುತ್ತದೆ. ಬ್ರಿಡ್ಜ್‌ನ ತಂಡ ಒಟ್ಟಾಗಿ ಕೆಲಸ ಮಾಡುವುದನ್ನು ಕಲಿಸುವ ಬ್ರಿಡ್ಜ್ ರಿಸೋರ್ಸ್ ಮ್ಯಾನೇಜ್‌ಮೆಂಟ್ ಕೋರ್ಸ್, ಸಿಮ್ಯುಲೇಟರ್‌ನಲ್ಲಿ ಎಂಜಿನ್ ನಿಂತ ಸ್ಥಿತಿಯ ಅಭ್ಯಾಸ, ವೈದ್ಯಕೀಯ ಪರೀಕ್ಷೆ ಇದರೊಳಗೆ ಬರುತ್ತವೆ. ಕಾಯಿಲೆಯಿಂದಲೋ ರಜೆಯಿಂದಲೋ ಕೆಲವು ತಿಂಗಳು ದೂರ ಇದ್ದವರು ಮರಳಿದಾಗ ಮೊದಲ ಕೆಲವು ಹಡಗುಗಳಿಗೆ ಇನ್ನೊಬ್ಬ ಪೈಲಟ್ ಜೊತೆ ಹೋಗುವುದು ಒಳ್ಳೆಯದು. ಮಳೆಗಾಲ ಮುಗಿಯುವ ಹೊತ್ತಿಗೆ ಹೂಳು ತುಂಬಿ ಕಾಲುವೆಯ ಆಳ ಬದಲಾಗಿರುತ್ತದೆ, ಹೂಳೆತ್ತುವ ಡ್ರೆಜರ್ ದಾರಿಯಲ್ಲಿರುತ್ತದೆ, ಒಂದೆರಡು ಬೋಯ್ ಜಾಗ ಬಿಟ್ಟು ಸರಿದಿರುತ್ತವೆ. ಪಾಳಿಗೆ ಹೋಗುವ ಮುಂಚೆ ಹೊಸ ಆಳದ ನಕ್ಷೆಯನ್ನು ಮರೀನ್ ವಿಭಾಗದಿಂದ ತೆಗೆದುಕೊಂಡು, ನಿಮ್ಮ ಹಳೆಯ ನೋಟ್‌ಬುಕ್‌ನ ಅಂಕಿಗಳನ್ನು ಅದರ ಪ್ರಕಾರ ತಿದ್ದಿಕೊಳ್ಳಿ.